ವೃದ್ಧರ ಪೋಷಣೆಯಲ್ಲಿ ಸಣ್ಣ ಊರುಗಳ ಒಕ್ಕೂಟ

ನಾಟಿಯ ಕಾಲದಲ್ಲಿ ಆಳು ಸಾಲದ ರೈತನು ನೆರೆಯವನೊಡನೆ ಮುಯ್ಯಿ ಮಾಡಿಕೊಳ್ಳುವುದು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಬಂದಿರುವ ಪದ್ಧತಿಯಾಗಿದೆ. ಒಬ್ಬನಿಂದಾಗದ ಕೆಲಸವು ಹತ್ತು ಮಂದಿ ಕೂಡಿದರೆ ಸುಲಭವಾಗುವುದು. ಈ ತತ್ತ್ವವನ್ನೇ ಊರು ಊರುಗಳ ನಡುವೆ ಅನ್ವಯಿಸಿ, ವೃದ್ಧರ ಪೋಷಣೆಗೆ ಏರ್ಪಾಡು ಮಾಡಿಕೊಂಡಿರುವ ಒಂದು ಪ್ರದೇಶವು ಜಪಾನ್ ದೇಶದ ಉತ್ತರ ದ್ವೀಪವಾದ ಹೊಕ್ಕೈಡೊದಲ್ಲಿರುವುದು. ಅದರ ವಿವರವು ಗ್ರಾಮವಾಸಿಗಳೆಲ್ಲರೂ ಅರಿಯತಕ್ಕದ್ದಾಗಿದೆ.

ಊರುಗಳ ಸ್ಥಿತಿ: ಆ ದ್ವೀಪದ ಸೊರಾಚಿ ಪ್ರಾಂತದಲ್ಲಿ ಉತಾಶಿನಾಯಿ ಎಂಬ ಪಟ್ಟಣವೂ, ನಾಯಿಯೆ, ಕಾಮಿಸುನಾಗಾವಾ, ಉರಾಉಸು, ಶಿನ್‌ತೊತ್ಸುಕಾವಾ, ಉರ್ಯು ಎಂಬ ಐದು ಸಣ್ಣ ಊರುಗಳೂ ಇವೆ. ಕೆಲವು ಕಲ್ಲಿದ್ದಲಿನ ಗಣಿಗಳನ್ನೂ ಕೆಲವು ಬತ್ತದ ಗದ್ದೆಗಳನ್ನೂ ನಂಬಿದ್ದವು. ಗಣಿಗಳು ಮುಚ್ಚಿದವು, ತರುಣರು ದೊಡ್ಡ ನಗರಗಳನ್ನು ಸೇರಿದರು. ೧೯೪೮ರಲ್ಲಿ ಸುಮಾರು ೪೬,೦೦೦ ಜನರಿದ್ದ ಉತಾಶಿನಾಯಿಯಲ್ಲಿ ಈಗ ೩,೦೦೦ಕ್ಕೂ ಕಡಿಮೆ ಜನರಿದ್ದಾರೆ. ಉಳಿದವರಲ್ಲಿ ವೃದ್ಧರೇ ಹೆಚ್ಚು. ಚಳಿಗಾಲದಲ್ಲಿ ಹಿಮವು ವಿಶೇಷವಾಗಿ ಬೀಳುವುದರಿಂದ ಒಂಟಿಯಾದ ಮುದುಕರಿಗೆ ಮನೆಯ ಬಾಗಿಲನ್ನು ದಾಟುವುದೂ ಕಷ್ಟವೇ ಸರಿ.

ಕಾಯಿದೆಯ ಏರ್ಪಾಡು: ಜಪಾನಿನಲ್ಲಿ ೧೯೯೭ರಲ್ಲಿ ಅಂಗೀಕೃತವಾದ ವೃದ್ಧರ ಆರೈಕೆ ವಿಮೆಯ ಕಾಯಿದೆಯು ೨೦೦೦ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದಿತು. ೪೦ ವರ್ಷ ದಾಟಿದವರೆಲ್ಲರೂ ವಂತಿಗೆ ಕೊಡತಕ್ಕದ್ದು. ವೆಚ್ಚದ ಅರ್ಧವು ವಂತಿಗೆಯಿಂದಲೂ ಇನ್ನರ್ಧವು ಸಾರ್ವಜನಿಕ ಹಣದಿಂದಲೂ ಒದಗುವುದು. ಸೇವೆ ಪಡೆದವರು ಸಾಮಾನ್ಯವಾಗಿ ಹತ್ತರಲ್ಲೊಂದು ಭಾಗವನ್ನು ತೆರುವರು. ವಿಮೆಯನ್ನು ನಡೆಯಿಸುವ ಹೊಣೆಯು ಆಯಾ ಊರಿನ ಸ್ಥಳೀಯ ಆಡಳಿತದ್ದು.

ಒಕ್ಕೂಟದ ಕಾರಣ: ಈ ಹೊಣೆಯೇ ಸಣ್ಣ ಊರಿಗೆ ಭಾರವಾಗುವುದು. ೫೦೦ ವೃದ್ಧರಿರುವ ಊರೊಂದನ್ನು ಊಹಿಸಿಕೊಳ್ಳೋಣ. ಅಲ್ಲಿ ಒಂದು ವರ್ಷ ೧೦ ಮಂದಿ ಹಾಸಿಗೆ ಹಿಡಿದರೆ, ೫೦ ಮಂದಿಯ ಮೇಲೆ ಒಬ್ಬ ರೋಗಿಯ ಹೊರೆ ಬೀಳುವುದು. ೫,೦೦೦ ವೃದ್ಧರು ಒಂದೇ ವಿಮೆಗೆ ಸೇರಿದ್ದರೆ ಅದೇ ೧೦ ಮಂದಿಯ ಹೊರೆಯು ೫೦೦ ಮಂದಿಗೆ ಒಬ್ಬನಂತೆ ಹಂಚಿಹೋಗುವುದು. ಅಲ್ಲದೆ, ಅರ್ಜಿಗಳನ್ನು ಪರಿಶೀಲಿಸಬಲ್ಲ ವೈದ್ಯರೂ ಇತರ ತಜ್ಞರೂ ಪ್ರತಿಯೊಂದು ಸಣ್ಣ ಊರಿನಲ್ಲಿಯೂ ದೊರೆಯಲಾರರು. ಇಂಥ ತೊಡಕುಗಳನ್ನು ನೀಗಲು ಮೇಲ್ಕಂಡ ಆರು ಊರುಗಳು, ಕಾಯಿದೆ ಜಾರಿಗೆ ಬರುವುದಕ್ಕೆ ಮುಂಚೆಯೇ, ೧೯೯೮ರಲ್ಲಿ ಒಂದು ಒಕ್ಕೂಟವನ್ನು ರಚಿಸಿಕೊಂಡವು. ಅದಕ್ಕೆ ತನ್ನದೇ ಆದ ಸಭೆಯೂ ಇರುವುದು.

ಕಾರ್ಯಕ್ರಮ: ವೃದ್ಧನಾಗಲಿ ಅವನ ಮನೆಯವರಾಗಲಿ ಅರ್ಜಿ ಸಲ್ಲಿಸಿದೊಡನೆ ಪರೀಕ್ಷಕನು ಮನೆಗೇ ಬಂದು, ಏಳುವುದು, ನಡೆಯುವುದು, ಉಣ್ಣುವುದು, ನೆನಪು ಮುಂತಾದ ೭೪ ಅಂಶಗಳನ್ನು ವಿಚಾರಿಸುವನು. ವೈದ್ಯರ ಅಭಿಪ್ರಾಯವನ್ನೂ ಪಡೆದು ತಜ್ಞರ ಸಮಿತಿಯು ಆರೈಕೆಯ ಮಟ್ಟವನ್ನು ಗೊತ್ತುಮಾಡುವುದು. ಇದಕ್ಕೆ ನಿಯಮದ ಪ್ರಕಾರ ೩೦ ದಿನಗಳ ಅವಧಿಯುಂಟು. ಒಟ್ಟು ಏಳು ಮಟ್ಟಗಳಿದ್ದು, ಅದಕ್ಕೆ ತಕ್ಕಂತೆ ಸ್ನಾನ, ಅಡಿಗೆ ಮೊದಲಾದವುಗಳಿಗೆ ಸಹಾಯಕರು ಮನೆಗೆ ಬರುವರು.

ಎಚ್ಚರಿಕೆ: ಒಕ್ಕೂಟದಿಂದ ಎಲ್ಲವೂ ನೆಟ್ಟಗಾಗುವುದೆಂದು ತಿಳಿಯಬಾರದು. ಹಣವನ್ನು ಹಂಚಿಕೊಳ್ಳಬಹುದು, ತಜ್ಞರನ್ನು ಹಂಚಿಕೊಳ್ಳಬಹುದು, ಆದರೆ ಬಾಗಿಲ ಹಿಮವನ್ನು ಸರಿಸುವ ಕೈ ನೆರೆಯಲ್ಲಿಯೇ ಇರಬೇಕು. ತನ್ನ ಊರಿನಲ್ಲಿ ರೋಗಿಗಳು ಕಡಿಮೆಯಾದ ವರ್ಷ, ಪರರ ಊರಿಗಾಗಿ ತಾವೇಕೆ ತೆರಬೇಕೆಂಬ ಮಾತೂ ಏಳಬಹುದು. ಈ ವರ್ಷ ನೆರೆಯವನ ಗದ್ದೆಯಲ್ಲಿ ದುಡಿದವನಿಗೆ ಮುಂದಿನ ವರ್ಷ ತನ್ನ ಗದ್ದೆಗೆ ಆಳು ದೊರೆಯುವುದೆಂಬುದನ್ನು ಬಲ್ಲ ರೈತನಿಗೆ ಇದರ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ. ಮುಪ್ಪು ಯಾವ ಊರನ್ನೂ ಬಿಡುವುದಿಲ್ಲ. ಶಕ್ತಿಯಿರುವಾಗಲೇ ಮುಯ್ಯಿಗೆ ಸೇರಿಕೊಳ್ಳುವುದು ಲೇಸು.