ಅಂಗಾಲಿಗೂ ಕಣ್ಣಿದೆ

ಶಿಡ್ಲಘಟ್ಟದ ಕಡೆ ಬೆಳಗ್ಗೆ ಎದ್ದರೆ ಏನು ಕೆಲಸ? ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ಹೊರೆ ಕಟ್ಟಬೇಕು. ರೇಷ್ಮೆ ಹುಳುವಿನ ಮನೆಗೆ ಹೊತ್ತು ತರಬೇಕು. ಚಿಂತಾಮಣಿ ಕಡೆ ಟೊಮೆಟೊ ಕ್ರೇಟು. ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಹುಲ್ಲಿನ ಹೊರೆ, ಸೌದೆ ಹೊರೆ. ನೀರು ಹೊರುವುದಂತೂ ಎಲ್ಲಾ ಕಡೆ ಇದ್ದದ್ದೇ. ಹೊರುವವರು ಯಾರು? ಹೆಚ್ಚಾಗಿ ನಾವೇ, ಹೆಂಗಸರು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ನಾಲ್ಕು ದಿನ ಬರಲಿಲ್ಲ. ನಾವು ಮನೆಗೆ ಹೋದೆವು. ಅಕ್ಕನ ಕೈಗೆ ಪಟ್ಟಿ ಹಾಕಿದ್ದರು.

“ಏನಾಯ್ತಕ್ಕಾ?” ಎಂದು ಕೇಳಿದೆವು.

“ಸೊಪ್ಪಿನ ಹೊರೆ ಹೊತ್ಕೊಂಡು ಬದುವಿನ ಮೇಲೆ ಬರ್ತಿದ್ದೆ. ಕಾಲ ಕೆಳಗೆ ಕಲ್ಲು ಇದ್ದದ್ದೇ ಗೊತ್ತಾಗ್ಲಿಲ್ಲ. ಆಯ ತಪ್ಪಿ ಬಿದ್ಬಿಟ್ಟೆ.”

ಅವರ ಅತ್ತೆ ಹೇಳಿದರು: “ದಿನಾ ಓಡಾಡೋ ದಾರೀಲಿ ಎಂದೂ ಬಿದ್ದವಳಲ್ಲ. ಅದೇನು ಗಾಳಿಯೋ, ಯಾರ ದೃಷ್ಟಿಯೋ!”

ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಹಾಗಾದರೆ ಏನು? ತಿಳಿಯೋಣ.

ನಾವು ಬೀಳದೆ ನಿಲ್ಲುವುದು ಹೇಗೆ?

ನಮ್ಮ ದೇಹದ ಆಯ ಕಾಯುವವರು ಮೂವರು. ಒಂದು ಕಣ್ಣು. ಎರಡು ಕಿವಿಯ ಒಳಭಾಗ. ಮೂರು ನಮ್ಮ ಕಾಲು.

ಅಂಗಾಲಿನ ಚರ್ಮದಲ್ಲಿ ಸಣ್ಣ ಸಣ್ಣ ನರಗಳಿವೆ. ನೆಲ ಗಟ್ಟಿಯೋ, ಕೆಸರೋ? ತಗ್ಗೋ, ದಿಣ್ಣೆಯೋ? ಈ ಸುದ್ದಿಯನ್ನು ನರಗಳು ಮೆದುಳಿಗೆ ಮುಟ್ಟಿಸುತ್ತವೆ. ಕೂಡಲೇ ಮೆದುಳು ಕಾಲಿಗೆ, ಸೊಂಟಕ್ಕೆ ಹೇಳಿ ಮೈಯನ್ನು ಸರಿಮಾಡುತ್ತದೆ. ಅದಕ್ಕೇ ಅಂಗಾಲಿಗೂ ಕಣ್ಣಿದೆ ಎನ್ನುವುದು.

ಭಾರ ಹೊತ್ತಾಗ ಏನಾಗುತ್ತದೆ?

ತಲೆಯ ಮೇಲೆ ಹೊರೆ ಇದ್ದರೆ ಕತ್ತು ಬಗ್ಗಿಸುವಂತಿಲ್ಲ. ಕಾಲ ಕೆಳಗಿನ ನೆಲ ಕಾಣುವುದಿಲ್ಲ. ಆಗ ಅಂಗಾಲನ್ನೇ ನಂಬಬೇಕು. ಆದರೆ ಭಾರ ಹೆಚ್ಚಿದಷ್ಟೂ ಅಂಗಾಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಸಣ್ಣ ಕಲ್ಲು, ಸಣ್ಣ ತಗ್ಗು ಸರಿಯಾಗಿ ತಿಳಿಯದೆ ಹೋಗಬಹುದು. ಬಹಳ ಹೊತ್ತು ನಡೆದರೆ ಕಾಲೂ ದಣಿಯುತ್ತದೆ.

ಹುಲ್ಲು ಎತ್ತರಕ್ಕೆ ಹೇರಿದ ಗಾಡಿ ನೋಡಿದ್ದೀರಲ್ಲ? ಹಳ್ಳ ಸಿಕ್ಕರೆ ಬೇಗ ವಾಲುತ್ತದೆ. ತಲೆಹೊರೆ ಹೊತ್ತ ನಾವೂ ಹಾಗೆಯೇ. ಭಾರ ಮೇಲಿದ್ದರೆ ಮೈ ಹೆಚ್ಚು ತೂಗಾಡುತ್ತದೆ. ಬಸುರಿಯರಿಗೆ ಹೊಟ್ಟೆಯ ಭಾರವೂ ಮುಂದಕ್ಕೆ ಎಳೆಯುತ್ತದೆ. ಬಸುರಿಯರು, ಹಸಿ ಬಾಣಂತಿಯರು ಭಾರ ಹೊರಲೇಬಾರದು.

ಮಾಡಿ ನೋಡೋಣ

ಇಬ್ಬರಿಬ್ಬರು ಜೊತೆಯಾಗಿ. ಕಾಲು ತೊಳೆದು ಕುಳಿತುಕೊಳ್ಳಿ. ಒಬ್ಬರು ಕಣ್ಣು ಮುಚ್ಚಿ. ಇನ್ನೊಬ್ಬರು ಕೋಳಿ ಪುಕ್ಕದಿಂದ ಅವರ ಅಂಗಾಲು ಮುಟ್ಟಿ. ಬೆರಳು, ನಡುಭಾಗ, ಹಿಮ್ಮಡಿ, ಎಲ್ಲಾ ಕಡೆ ಮುಟ್ಟಿ. “ಎಲ್ಲಿ ಮುಟ್ಟಿದೆ?” ಎಂದು ಕೇಳಿ. ಹಿಮ್ಮಡಿಯ ಚರ್ಮ ದಪ್ಪ. ಅಲ್ಲಿ ಸ್ವಲ್ಪ ಕಡಿಮೆ ತಿಳಿಯುತ್ತದೆ. ಬೇರೆ ಕಡೆಯೂ ತಿಳಿಯದಿದ್ದರೆ ಎಚ್ಚರ!

ಭಾರ ಹೊತ್ತಾಗ ಬಂದ ಜುಮ್ಮು ಸ್ವಲ್ಪ ಹೊತ್ತು ಕೂತರೆ ಹೋಗಬೇಕು. ಹೋಗದಿದ್ದರೆ, ಕಾಲು ಮರಗಟ್ಟಿದರೆ, ಚಪ್ಪಲಿ ಜಾರಿ ಹೋದದ್ದೂ ತಿಳಿಯದಿದ್ದರೆ ಸುಮ್ಮನಿರಬಾರದು. ಸಕ್ಕರೆ ಕಾಯಿಲೆ ಇರಬಹುದು. ಸೊಂಟದ ನರ ಒತ್ತಿರಬಹುದು. ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗವೂ ಇರಬಹುದು. ಅದು ಶಾಪವಲ್ಲ, ಪಾಪವಲ್ಲ. ಔಷಧಿಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಎಷ್ಟು ಭಾರ? ಓದಿ ತಿಳಿಯೋಣ

ಈಗ ನಮಗೆ ಅಂಕಿ ಓದಲು ಬರುತ್ತದೆ. ಮೂಟೆಯ ಮೇಲೆ ತೂಕ ಬರೆದಿರುತ್ತದೆ. ಯೂರಿಯಾ ಮೂಟೆ 45 ಕಿಲೋ. ಸಿಮೆಂಟ್ ಮೂಟೆ 50 ಕಿಲೋ. 1 ಲೀಟರ್ ನೀರು 1 ಕಿಲೋ. ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನಿನಲ್ಲಿ 20 ಕಿಲೋ ನೀರು!

1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೊರೆಯ ಬಗ್ಗೆ ಒಂದು ಒಪ್ಪಂದ ಮಾಡಿತು. ಆರೋಗ್ಯ ಕೆಡಿಸುವಷ್ಟು ಭಾರವನ್ನು ಯಾವ ಕೂಲಿಯವರಿಂದಲೂ ಹೊರಿಸಬಾರದು. ಹೆಂಗಸರಿಗೆ ಕೊಡುವ ಹೊರೆ ಗಂಡಸರ ಹೊರೆಗಿಂತ ಬಹಳ ಕಡಿಮೆ ಇರಬೇಕು. ಹೀಗೆಂದು ಅದರಲ್ಲಿ ಬರೆದಿದೆ. “ಇಷ್ಟು ಭಾರ ಆಗಲ್ಲ” ಎಂದು ಹೇಳುವುದು ಸೋಮಾರಿತನವಲ್ಲ.

ನಾವು ಏನು ಮಾಡೋಣ?

ಒಂದು ದೊಡ್ಡ ಹೊರೆಯನ್ನು ಎರಡು ಮಾಡೋಣ.
ಹೊರೆ ಎತ್ತಲು, ಇಳಿಸಲು ಇನ್ನೊಬ್ಬರನ್ನು ಕರೆಯೋಣ.
ದಾರಿಯಲ್ಲಿ ಇಳಿಸಿ, ಸುಧಾರಿಸಿಕೊಂಡು ಹೋಗೋಣ.
ಸವೆದ, ಜಾರುವ ಚಪ್ಪಲಿ ಬಿಡೋಣ.
ಬದುವಿನ ಕಲ್ಲು, ಮುಳ್ಳು ಮೊದಲೇ ತೆಗೆದಿಡೋಣ.
ಸೈಕಲ್ಲು, ಗಾಡಿ ಇದ್ದರೆ ಅದರಲ್ಲಿ ತರೋಣ.

ಅಕ್ಕನ ಕೈ ವಾಸಿಯಾಯಿತು. ಈಗ ಅವರು ಎರಡು ಸಣ್ಣ ಹೊರೆ ಕಟ್ಟುತ್ತಾರೆ. ಒಂದು ಅವರದು. ಇನ್ನೊಂದು? ಅವರ ಯಜಮಾನರದು! ಅತ್ತೆ ಮೊದಲು ಮುಖ ಊದಿಸಿಕೊಂಡರು. ಈಗ ಅವರೇ ಮಗನನ್ನು ಕೂಗುತ್ತಾರೆ: “ಲೋ, ಹೋಗೋ, ಸೊಪ್ಪು ಹೊತ್ಕೊಂಡು ಬಾ!”

ಓದಿ, ಉತ್ತರ ಹೇಳಿ

1. ದೇಹದ ಆಯ ಕಾಯುವ ಮೂವರು ಯಾರು?
2. ಟೊಮೆಟೊ ಕ್ರೇಟು 15 ಕಿಲೋ ಇದ್ದರೆ 2 ಕ್ರೇಟು ಎಷ್ಟು ಕಿಲೋ?
3. ನಿಮ್ಮ ಮನೆಯಲ್ಲಿ ಹೊರೆ ಹೊರುವವರು ಯಾರು? ಯಾರು ಜೊತೆಗೂಡಬಹುದು?