ಫಾರ್ಮ್ಯಾಟ್ ಮಾಡುವ ಮೊದಲು

ಬೀಡಿ, ತಾ. ಖಾನಾಪುರ

ಚಿ. ಸವಿತಾ,

ನೀನು ಕಳಿಸಿದ ಟೆರಾಫಾರ್ಮ್ ಕೋಡ್ ಓದಿದೆ. ಮಳೆ ಹಿಡಿದಿದೆ, ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿಲ್ಲ. ಅದಕ್ಕೇ ಎಲ್ಲ ಕಾಗದದ ಮೇಲೆ ಇಳಿಸಿಕೊಂಡು, ಕಟ್ಟೆಯ ಮೇಲೆ ಕೂತು ಸಾವಕಾಶ ನೋಡಿದೆ. ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ, ಆಗಲೇ ಡೇಟಾಬೇಸ್ ಸರ್ವರನ್ನು ನಿನ್ನ ಕೈಗೆ ಕೊಟ್ಟಿದ್ದಾರೆ ಅಂದರೆ ಖುಷಿ. ಒಳಗೊಳಗೇ ಅಳುಕೂ ಉಂಟು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಲ್ಲ?

ನಿನ್ನ ಅಜ್ಜ ತಲಾಠಿ ಆಗಿದ್ದದ್ದು ನಿನಗೆ ಗೊತ್ತು, ಅವರ ಕೆಲಸ ನೀನು ನೋಡಿಲ್ಲ. ಹೊಲದ ಉತಾರದ, ಅಂದರೆ ಪಹಣಿಯ, 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ರಲ್ಲಿ ಬೆಳೆ. ಚಾವಡಿಯಲ್ಲೇ ಕೂತು ಹೋದ ವರ್ಷದ ಬೆಳೆಯನ್ನೇ ಮತ್ತೆ ಇಳಿಸಿ ಕೈ ತೊಳೆದುಕೊಳ್ಳುವವರೂ ಇದ್ದರು. ನಿನ್ನ ಅಜ್ಜ ಮಾತ್ರ ಕೊಡೆ ಹಿಡಿದು ಬದುವಿನ ಮೇಲೆ ನಡೆದುಹೋಗಿ, ಭತ್ತವೋ ಕಬ್ಬೋ ಕಣ್ಣಾರೆ ಕಂಡೇ ಬರೆಯುತ್ತಿದ್ದರು. ಮುಂದೆ ‘ಭೂಮಿ’ ಯೋಜನೆ ಬಂತು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳ ಉತಾರಗಳೆಲ್ಲ ಕಂಪ್ಯೂಟರ್ ಸೇರಿದವು, ಕೈಬರಹದ್ದಕ್ಕೆ ಬೆಲೆ ಹೋಯಿತು, 15 ರೂಪಾಯಿ ಕೊಟ್ಟರೆ ಕಿಯಾಸ್ಕ್‌ನಲ್ಲಿ ಅಚ್ಚಾದ ಪ್ರತಿ ಸಿಗತೊಡಗಿತು. ಒಳ್ಳೆಯ ಕೆಲಸವೇ. ಆದರೆ ಹೊಲದಲ್ಲಿ ಏನು ನಿಂತಿದೆ ಅನ್ನುವುದನ್ನು ಯಾರಾದರೂ ಹೋಗಿ ನೋಡಲೇಬೇಕಿತ್ತು.

ಟೆರಾಫಾರ್ಮ್ ಲೆಕ್ಕ ಬರೆದಿಡುವ ನಿನ್ನ ಸ್ಟೇಟ್ ಫೈಲ್ ಕೂಡ ಇಂಥದೇ ಒಂದು ಉತಾರ. ಯಾವ ವಾಲ್ಯೂಮ್, ಎಷ್ಟು ಜಿಬಿ, ಯಾವ ಸರ್ವರಿಗೆ ಜೋಡಿಸಿದೆ, ಇಷ್ಟು ಅದಕ್ಕೆ ಗೊತ್ತು. ಒಳಗಿನ ಫೈಲುಗಳ ಸುದ್ದಿ ಗೊತ್ತಿಲ್ಲ.

ಕೋಡಿನಲ್ಲಿ ಛಲೋ ಮಾಡಿದ್ದು ಬಹಳ ಇದೆ. ವಾಲ್ಯೂಮಿಗೆ ಒಂದು ಬ್ಲಾಕ್, ಅದನ್ನು ಸರ್ವರಿಗೆ ಜೋಡಿಸುವ ಅಟ್ಯಾಚ್‌ಮೆಂಟಿಗೆ ಇನ್ನೊಂದು, ಹೀಗೆ ಬೇರೆಬೇರೆ ಬರೆದಿದ್ದೀ. ಸರ್ವರ್ ಇಂದು ಇರುತ್ತದೆ, ನಾಳೆ ಹೋಗುತ್ತದೆ; ಡೇಟಾ ಅದರ ಜೊತೆ ಹೋಗಬಾರದು. ಮುಂಬೈ ರೀಜನ್ನಿನ ಒಂದೇ ಝೋನಿನಲ್ಲಿ ಎರಡನ್ನೂ ಇಟ್ಟದ್ದೂ ಸರಿ, ‘ಎ’ ಝೋನಿನ ಇಬಿಎಸ್ ವಾಲ್ಯೂಮ್ ‘ಬಿ’ ಝೋನಿನ ಸರ್ವರಿಗೆ ಅಂಟುವುದಿಲ್ಲ. ಗಾತ್ರ ಹೆಚ್ಚಿಸಿದರೆ ಇದ್ದ ವಾಲ್ಯೂಮೇ ದೊಡ್ಡದಾಗುತ್ತದೆ, ಕಡಿಮೆ ಮಾಡಲು ಬರುವುದಿಲ್ಲ. ಝೋನನ್ನೋ ಎನ್‌ಕ್ರಿಪ್ಷನ್ನನ್ನೋ ಬದಲಿಸಿದೆಯೋ, ಹಳೆಯದನ್ನು ಅಳಿಸಿ ಹೊಸದು ಮಾಡುತ್ತದೆ. ಪ್ಲಾನಿನಲ್ಲಿ ಆ ಸಾಲಿನ ಪಕ್ಕ ಕಳೆಯುವ ಗುರುತು, ಓರೆಗೆರೆ, ಕೂಡುವ ಗುರುತು ಒಟ್ಟಿಗೆ ಕಂಡರೆ ಅಪ್ಲೈ ಒತ್ತದೆ ಎದ್ದು ಚಹಾ ಕುಡಿದು ಬಾ. ‘ಪ್ರಿವೆಂಟ್ ಡಿಸ್ಟ್ರಾಯ್’ ಹಾಕಿದ್ದೀ, ಇರಲಿ. ಆದರೆ ಯಾರಾದರೂ ಆ ಬ್ಲಾಕನ್ನೇ ಕೋಡಿನಿಂದ ತೆಗೆದರೆ ಕಾವಲೂ ಅದರ ಜೊತೆಗೇ ಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ನಿನ್ನ ಆ ಯೂಸರ್ ಡೇಟಾ ಸ್ಕ್ರಿಪ್ಟಿನ ಮಾತಿಗೆ ಬರಲಿಕ್ಕೆ. ಸರ್ವರ್ ಮೊದಲ ಸಲ ಎದ್ದಾಗ ಓಡುವ ಸ್ಕ್ರಿಪ್ಟ್ ಅದು. ಅದರಲ್ಲಿ ವಾಲ್ಯೂಮನ್ನು ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡು ಅಂತಿದೆ. ಮೊದಲ ದಿನ ಇದು ಸರಿಯೇ, ವಾಲ್ಯೂಮ್ ಖಾಲಿ ಇರುತ್ತದೆ. ಆರು ತಿಂಗಳ ಮೇಲೆ ಹೊಸ ಇಮೇಜ್ ಬಂತು ಅಂತ ಸರ್ವರ್ ಬದಲಿಸುತ್ತೀ ಅಂದುಕೋ. ವಾಲ್ಯೂಮಿಗೆ ಪ್ಲಾನಿನಲ್ಲಿ ಯಾವ ಅಪಾಯವೂ ಕಾಣುವುದಿಲ್ಲ. ಅಟ್ಯಾಚ್‌ಮೆಂಟ್ ಬದಲಾಗುತ್ತದೆ, ಅಷ್ಟೇ. ಹೊಸ ಸರ್ವರಿಗೆ ಇದೇ ಮೊದಲ ಸಲ, ಸ್ಕ್ರಿಪ್ಟ್ ಮತ್ತೆ ಓಡುತ್ತದೆ, ತುಂಬಿದ ವಾಲ್ಯೂಮನ್ನು ಫಾರ್ಮ್ಯಾಟ್ ಮಾಡಿಬಿಡುತ್ತದೆ. ಕೀಬೋರ್ಡಿನ ಮುಂದೆ ಮನುಷ್ಯ ಕೂತಿದ್ದರೆ ‘ಇದರಲ್ಲಿ ಫೈಲ್‌ಸಿಸ್ಟಮ್ ಇದೆ, ಮುಂದುವರಿಯಲೇ’ ಅಂತ ಕೇಳುವ ಕಮಾಂಡು, ಸ್ಕ್ರಿಪ್ಟಿನೊಳಗಿಂದ ಕರೆದರೆ ಕೇಳುವ ಗೊಡವೆಗೇ ಹೋಗುವುದಿಲ್ಲ. ನಾನೂ ಬಹಳ ದಿನ ಹೀಗೇ ಬರೆಯುತ್ತಿದ್ದೆ.

ಆದ್ದರಿಂದ ಒಂದು ಷರತ್ತು ಸೇರಿಸವ್ವಾ. ಮೊದಲು ‘ಬಿಎಲ್‌ಕೆಐಡಿ’ ಕಮಾಂಡಿನಿಂದ ವಾಲ್ಯೂಮಿನಲ್ಲಿ ಏನಿದೆ ಕೇಳು, ಫೈಲ್‌ಸಿಸ್ಟಮ್ ಇಲ್ಲ ಅಂದರೆ ಮಾತ್ರ ಫಾರ್ಮ್ಯಾಟ್, ಇದ್ದರೆ ಬರೀ ಮೌಂಟ್. ಇನ್ನೆರಡು ಸಣ್ಣ ಸಂಗತಿ. ಕೋಡಿನಲ್ಲಿ ‘ಎಸ್‌ಡಿಎಫ್’ ಅಂತ ಕೊಟ್ಟ ಹೆಸರು ನೈಟ್ರೋ ಸರ್ವರಿನೊಳಗೆ ‘ಎನ್‌ವಿಎಂಇ’ ಅಂತ ಬೇರೆಯಾಗಿ ಕಾಣುತ್ತದೆ, ಡಿಸ್ಕು ಎರಡಿದ್ದರೆ ಅನುಕ್ರಮವೂ ಅದಲುಬದಲಾದೀತು. ವಾಲ್ಯೂಮ್ ಐಡಿಯಿಂದಲೇ ಗುರುತು ಹಿಡಿ. ಮತ್ತೆ, ಸರ್ವರ್ ಎದ್ದ ಮೇಲೆಯೇ ವಾಲ್ಯೂಮ್ ಬಂದು ಸೇರುವುದು, ಹಾಗಾಗಿ ಅದು ಕಾಣುವವರೆಗೆ ಸ್ಕ್ರಿಪ್ಟ್ ಕಾಯುವಂತಿರಲಿ.

ತಿದ್ದಿದ ಮೇಲೆ ಒಂದು ಪರೀಕ್ಷಾ ವಾಲ್ಯೂಮಿಗೆ ಯಾವುದಾದರೂ ಫೈಲ್ ಹಾಕಿ, ಸರ್ವರನ್ನು ಬೇಕೆಂದೇ ಬದಲಿಸಿ, ಫೈಲ್ ಉಳಿದಿದೆಯೇ ಒಳಹೊಕ್ಕು ನೋಡು. ಆಮೇಲೆ ನನಗೆ ಫೋನ್ ಮಾಡು. ಬರುವಾಗ ಬೆಳಗಾವಿಯಲ್ಲಿ ಇಳಿದು ಕುಂದಾ ತರಬೇಡ, ನಿನ್ನ ಅಪ್ಪನಿಗೆ ಸಕ್ಕರೆ ಜಾಸ್ತಿಯಾಗಿದೆ. ತಂದರೂ ನನ್ನ ಕೈಗೆ ಕೊಡು.

ಇತಿ,
ನಿನ್ನ ಕಾಕಾ