ಕಡಲಾಮೆಯೂ ನಮ್ಮ ಹೊಳೆಯ ಮರಳೂ

ಸ್ಕಂದಗಿರಿಯ ತಪ್ಪಲಿನವರು ಕಡಲಾಮೆಯ ವಿಚಾರವೆತ್ತಿದರೆ ಗೆಳೆಯರು ನಗುವುದು ಸಹಜವೇ ಸರಿ. ಆದರೆ ನಂದಿಯ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು, ಆಂಧ್ರದಲ್ಲಿ ಪೆನ್ನಾ ಎನಿಸಿಕೊಂಡು, ಒಟ್ಟು ಸುಮಾರು 597 ಕಿಲೋಮೀಟರು ದಾರಿ ಸವೆಸಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವುದಷ್ಟೆ. ಆ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡುತ್ತವೆ.

ಈ ಆಮೆಯ ಬಾಳೆಲ್ಲವೂ ನೀರಿನಲ್ಲಿ. ಮೊಟ್ಟೆಯಿಡುವ ಕಾಲ ಬಂದಾಗ ಮಾತ್ರ ತಾಯಿಯಾಮೆಯು ಇರುಳಿನಲ್ಲಿ ದಡಕ್ಕೆ ತೆವಳಿ, ಹಿಂಗಾಲುಗಳಿಂದ ಕುಣಿ ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳೆಳೆದು ಮುಚ್ಚಿ ಹಿಂದಿರುಗುವುದು. ಮತ್ತೆ ತಿರುಗಿ ನೋಡದು. ಕಾವು ಕೊಡುವ ಕೆಲಸವೆಲ್ಲ ಮರಳಿನದು. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುವುವು. ಮರಳು ಬಿಸಿಯಾಗಿದ್ದರೆ ಹೆಣ್ಣುಮರಿಗಳು ಹೆಚ್ಚು, ತಂಪಾಗಿದ್ದರೆ ಗಂಡು ಹೆಚ್ಚು! ಕೋಳಿಯ ಕಾವನ್ನಷ್ಟೇ ಬಲ್ಲ ನಮಗೆ ಇದು ಬೆರಗಿನ ಸಂಗತಿ.

ಇಂತಹ ದಡಗಳಲ್ಲಿ ನಮ್ಮ ದೇಶದಲ್ಲಿ ಹೆಸರಾದದ್ದು ಒಡಿಶಾದ ಗಹಿರಮಥಾ. ಬ್ರಾಹ್ಮಣಿ, ವೈತರಣಿ ನದಿಗಳ ಮುಖದಲ್ಲಿ, ಉಪ್ಪುನೀರಿನ ತೊರೆಗಳೂ ಕಾಂಡ್ಲಾಕಾಡೂ ಹೆಣೆದುಕೊಂಡಿರುವ ಭಿತರಕನಿಕಾದ ಅಂಚಿನಲ್ಲಿ ಅದಿದೆ. ಅಲ್ಲಿ ಆಮೆಗಳು ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತುವುದನ್ನು 1974ರಲ್ಲಿ ಬಸ್ಟರ್ಡ್ ಎಂಬ ವಿಜ್ಞಾನಿಯು ಲೋಕಕ್ಕೆ ತಿಳಿಸಿದರು. 1997ರಲ್ಲಿ ಗಹಿರಮಥಾ ಸಾಗರ ಅಭಯಾರಣ್ಯವೂ 1998ರಲ್ಲಿ ಭಿತರಕನಿಕಾ ರಾಷ್ಟ್ರೀಯ ಉದ್ಯಾನವೂ ಘೋಷಿತವಾದುವು. ಆಮೆಯು ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದುದರಿಂದ ನೀರಿನಡಿಯ ಬಲೆಯಲ್ಲಿ ಸಿಕ್ಕಿದರೆ ಉಸಿರುಕಟ್ಟಿ ಸಾಯುವುದು. ಅದಕ್ಕಾಗಿ ಅಲ್ಲಿ ದೊಡ್ಡ ಎಳೆಬಲೆಯ ದೋಣಿಗಳಿಗೆ ತಡೆಯಿದೆ. ನಮ್ಮ ರಾಜ್ಯದಲ್ಲಿಯೂ ಶರಾವತಿಯು ಕಡಲು ಸೇರುವ ಹೊನ್ನಾವರದ ಕಾಸರಕೋಡಿನಲ್ಲಿ ಇದೇ ಆಮೆಯುಂಟು; ಅರಣ್ಯ ಇಲಾಖೆಯವರೂ ಮೀನುಗಾರರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ.

ಕಾವಲುಗಾರನು ದೋಣಿಯನ್ನು ತಡೆದಾನು, ಕಡಲ್ಕೊರೆತವನ್ನು ತಡೆಯಲಾರನು. ಗಹಿರಮಥಾದ ದಡವೂ ಕೊರೆತಕ್ಕೆ ತುತ್ತಾಗಿದೆ. ಅಲೆ ಒಯ್ದ ಮರಳಿಗೆ ಬದಲು ಮರಳನ್ನು ತಂದುಕೊಡುವವು ನದಿಗಳು. ಅಣೆಕಟ್ಟಿನ ಹಿಂದೆ ಮರಳು ನಿಂತರೆ, ಹೊಳೆಯ ಪಾತ್ರದಿಂದಲೇ ಅದನ್ನು ಅಗೆದೊಯ್ದರೆ, ಕಾನೂನು ಎಷ್ಟಿದ್ದರೇನು, ಆಮೆಗೆ ಕುಣಿ ತೋಡಲು ನೆಲವೆಲ್ಲಿ?

ಗೌರಿಬಿದನೂರಿನ ಮರಳು ಇಂದು ನೆಲ್ಲೂರನ್ನು ಮುಟ್ಟುವುದೆಂದು ನಾನು ವಾದಿಸುತ್ತಿಲ್ಲ. ನಡುವೆ ಸೋಮಶಿಲಾ ಅಣೆಕಟ್ಟಿದೆ. ಹೊಳೆಯಲ್ಲಿ ಹರಿವೂ ಅಪರೂಪ. ಆದರೆ ಮರಳು ಹೋದ ಹೊಳೆಯ ಸ್ಥಿತಿಯನ್ನು ಅರಿಯಲು ನಾವು ಕಡಲಿನವರೆಗೆ ಹೋಗಬೇಕಾಗಿಲ್ಲ. ಹೊಳೆಯಲ್ಲಿ ಮೊಳದಾಳ ತೋಡಿದರೆ ಒರತೆ ಚಿಮ್ಮುತ್ತಿತ್ತೆಂದು ನಮ್ಮಜ್ಜಿ ಹೇಳುವುದುಂಟು. ಕಳೆದ ಬೇಸಗೆಯಲ್ಲಿ ನಾನು ಅದೇ ಜಾಗದಲ್ಲಿ ಆಳುದ್ದ ಗುಂಡಿಗಿಳಿದು ನೋಡಿದೆ. ಜೇಡಿಮಣ್ಣು, ಜಾಲಿಯ ಬೇರು, ತೇವವಿರಲಿಲ್ಲ.